ವಾತಾವರಣದ ಒತ್ತಡ: ನಿರ್ವಾತ ಕಾಫಿಪಾತ್ರೆಯ ಮೂಲಕ ಒಂದು ಪಾಠ

ಉದ್ದೇಶ: ವಾತಾವರಣದ ಒತ್ತಡವು ದ್ರವವನ್ನು ಚಲಿಸುವಂತೆ ಮಾಡುವ ಬಗೆಯನ್ನು ವಿದ್ಯಾರ್ಥಿಗಳು ಅರಿಯುವುದು, ಅದರ ಕಾರಣವನ್ನು ನಿಖರವಾದ ಕನ್ನಡದಲ್ಲಿ ಹೇಳಬಲ್ಲವರಾಗುವುದು.

ಪೀಠಿಕೆ: ಮನೆಯ ಕಾಫಿ ಫಿಲ್ಟರನ್ನು ಮಕ್ಕಳು ಬಲ್ಲರು. ಪುಡಿಯ ಮೇಲೆ ಬಿಸಿನೀರು ಸುರಿದರೆ ಡಿಕಾಕ್ಷನ್ ತನ್ನ ಭಾರದಿಂದಲೇ ಕೆಳಗೆ ತೊಟ್ಟಿಕ್ಕುತ್ತದೆ. ಇದಕ್ಕಿಂತ ಭಿನ್ನವಾದ ಗಾಜಿನ ಸಾಧನವೊಂದು 1830ರ ದಶಕದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದಿತು. ಜಪಾನಿನ ಕಾಫಿ ಅಂಗಡಿಗಳಲ್ಲಿ ಅದು ಇಂದಿಗೂ ಪ್ರಿಯವಾಗಿದೆ. ಅದರಲ್ಲಿ ನೀರು ಮೊದಲು ಮೇಲಕ್ಕೇರಿ, ಬಳಿಕ ಕಾಫಿಯಾಗಿ ಕೆಳಗಿಳಿಯುತ್ತದೆ.

ರಚನೆ: ಕೆಳಗೆ ನೀರು ತುಂಬಿದ ಗಾಜಿನ ಗೋಳವಿದೆ. ಅದರ ಬಾಯಿಗೆ ರಬ್ಬರಿನ ಬಿರಡೆಯಿಂದ ಬಿಗಿಯಾಗಿ ಕೂಡಿಸಿದ ಇನ್ನೊಂದು ಪಾತ್ರೆ ಮೇಲಿದೆ. ಇದರ ಬಾಯಿ ತೆರೆದಿದೆ. ಮೇಲಿನ ಪಾತ್ರೆಯ ತಳದಿಂದ ಹೊರಟ ಕೊಳವೆಯು ಗೋಳದ ತಳದ ಸಮೀಪದವರೆಗೆ ಇಳಿದಿದೆ. ಕೊಳವೆಯ ಮೇಲ್ತುದಿಯಲ್ಲಿ ಬಟ್ಟೆಯ ಸೋಸುಕವಿದೆ.

ಕ್ರಿಯೆ: ಗೋಳವನ್ನು ಕಾಯಿಸಿದಾಗ ಒಳಗಿನ ಗಾಳಿಯೂ ಆವಿಯೂ ನೀರನ್ನು ಒತ್ತುತ್ತವೆ, ನೀರು ಕೊಳವೆಯ ಮೂಲಕ ಮೇಲೇರುತ್ತದೆ. ವಾತಾವರಣದ ಒತ್ತಡವು ಸುಮಾರು 10 ಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿಹಿಡಿಯಬಲ್ಲುದು. ಆದುದರಿಂದ ನೀರನ್ನು 15 ಸೆಂ.ಮೀ. ಏರಿಸಲು ಅದರ ನೂರರಲ್ಲಿ ಒಂದೂವರೆ ಪಾಲಿನಷ್ಟು ಹೆಚ್ಚುವರಿ ಒತ್ತಡವೇ ಸಾಕು. ಮೇಲೆ ಬಂದ ನೀರಿಗೆ ಪುಡಿಯನ್ನು ಬೆರೆಸಿ ಕಲಕುತ್ತಾರೆ. ಉರಿಯಿರುವವರೆಗೆ ಕಾಫಿಯು ಕೆಳಗಿಳಿಯದು. ಉರಿಯನ್ನು ತೆಗೆದೊಡನೆ ಗೋಳದ ಆವಿ ತಣಿದು ನೀರಾಗುತ್ತದೆ. ಅಲ್ಲಿನ ಒತ್ತಡ ಕುಸಿಯುತ್ತದೆ. ಆಗ ಹೊರಗಿನ ವಾತಾವರಣವು ಕಾಫಿಯನ್ನು ಸೋಸುಕದ ಮೂಲಕ ಕೆಳಕ್ಕೆ ಒತ್ತುತ್ತದೆ. ಗಸಿ ಮೇಲೆಯೇ ಉಳಿಯುತ್ತದೆ.

ಪದವಿಚಾರ: "ನಿರ್ವಾತವು ಕಾಫಿಯನ್ನು ಹೀರಿಕೊಂಡಿತು" ಎಂದು ಮಕ್ಕಳು ಬರೆಯುವುದುಂಟು. ಕೆಲವೊಮ್ಮೆ ನಾವೂ ಹಾಗೆಯೇ ಹೇಳಿಬಿಡುತ್ತೇವೆ. ಇಲ್ಲಿ ಭಾಷೆಯ ತಪ್ಪು ವಿಜ್ಞಾನದ ತಪ್ಪೇ ಆಗುತ್ತದೆ. ಏಕೆಂದರೆ ಇಲ್ಲದ ವಸ್ತುವನ್ನು ಈ ವಾಕ್ಯವು ಕರ್ತೃವನ್ನಾಗಿಸುತ್ತದೆ. ಒತ್ತುವುದು ಗಾಳಿ, ಒತ್ತಿಸಿಕೊಳ್ಳುವುದು ಕಾಫಿ. ಆದುದರಿಂದ ಉತ್ತರವನ್ನು ತಿದ್ದುವಾಗ "ಯಾವುದು ಒತ್ತಿತು? ಎತ್ತ ಒತ್ತಿತು?" ಎಂದು ಕೇಳಬೇಕು. ರಾಜ್ಯಭಾಷೆಯ ಪದವನ್ನೋ ಇಂಗ್ಲಿಷಿನ ಪದವನ್ನೋ ಕಂಠಪಾಠ ಮಾಡಿದ ವಿದ್ಯಾರ್ಥಿಯೂ ಈ ಎರಡು ಪ್ರಶ್ನೆಗಳಿಗೆ ತನ್ನ ಮಾತಿನಲ್ಲಿ ಉತ್ತರಿಸಬಲ್ಲನಾದರೆ ಮಾತ್ರ ಪಾಠ ತಿಳಿದಂತೆ. ಈ ಸಾಧನಕ್ಕೆ "ಸೈಫನ್" ಎಂಬ ಹೆಸರು ರೂಢಿಯಲ್ಲಿದ್ದರೂ, ಮೇಲಿನ ತೊಟ್ಟಿಯಿಂದ ಬಾಗಿದ ಕೊಳವೆಯಲ್ಲಿ ನೀರಿಳಿಸುವ ಸೈಫನ್ ಇದಲ್ಲ ಎಂಬುದನ್ನೂ ತಿಳಿಸಬೇಕು.

ಚಟುವಟಿಕೆ: ತರಗತಿಯಲ್ಲಿ ಉರಿಯೂ ಗಾಜೂ ಬೇಡ. ತೆಳುವಾದ ಪ್ಲಾಸ್ಟಿಕ್ ಬಾಟಲಿಗೆ ಶಿಕ್ಷಕರೇ ಬಿಸಿನೀರು ತುಂಬಿ, ಅರೆನಿಮಿಷದ ಬಳಿಕ ಚೆಲ್ಲಿ, ಕೂಡಲೇ ಮುಚ್ಚಳವನ್ನು ಬಿಗಿದು, ಮೇಲೆ ತಣ್ಣೀರೆರೆಯಲಿ. ನೀರು ಕುದಿಯುತ್ತಿರಬಾರದು. ಬಾಟಲಿ ನಗ್ಗುತ್ತದೆ. "ಹೀರು" ಎಂಬ ಪದವನ್ನು ಬಳಸದೆ ಕಾರಣವನ್ನು ಮೂರು ವಾಕ್ಯಗಳಲ್ಲಿ ಬರೆಸಿರಿ.

ಪ್ರಶ್ನೆಗಳು:
1. ಎರಡು ಪಾತ್ರೆಗಳು ಕೂಡುವೆಡೆಯಲ್ಲಿ ಸಂದಿಯಿದ್ದರೆ ನೀರು ಏಕೆ ಮೇಲೇರದು?
2. ಉರಿ ತೆಗೆದ ಮೇಲೆ ಗೋಳಕ್ಕೆ ಒದ್ದೆಬಟ್ಟೆ ಸುತ್ತಿದರೆ ಕಾಫಿ ಬೇಗನೆ ಇಳಿಯುವುದೇಕೆ?
3. ಉದಕಮಂಡಲದಂತಹ ಎತ್ತರದ ಊರಿನಲ್ಲಿ ನೀರು 100 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಅಲ್ಲಿಯೂ ಈ ಸಾಧನವು ಕೆಲಸ ಮಾಡುವುದೇ? ಕಾರಣ ಕೊಡಿರಿ.