ಟೇ ನದಿಯ ವಸಂತದ ಅತಿಥಿ

ಸ್ಕಾಟ್ಲೆಂಡಿನ ನದಿಗಳಲ್ಲಿ ಅತ್ಯಂತ ಉದ್ದವಾದುದು ಟೇ. ಅದು ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 190 ಕಿಲೋಮೀಟರು ಹರಿದು, ಪರ್ತ್ ನಗರವನ್ನು ಹಾದು, ಡಂಡೀ ನಗರದ ಆಚೆ ಉತ್ತರ ಸಮುದ್ರವನ್ನು ಸೇರುತ್ತದೆ. ಸಮುದ್ರದ ಉಬ್ಬರವು ಅಳಿವೆಯನ್ನು ದಾಟಿ ಪರ್ತ್ ನಗರದವರೆಗೂ ಏರಿಬರುತ್ತದೆ. ಆ ಉಬ್ಬರದೊಡನೆ ನದಿಗೆ ಬರುವ ಅತಿಥಿಯೇ ಸಾಲ್ಮನ್ ಮೀನು.

ಸಾಲ್ಮನ್ನಿನ ಬಾಳು ವಿಚಿತ್ರವಾದುದು. ಅದು ಹುಟ್ಟುವುದು ಸಿಹಿನೀರಿನ ತೊರೆಗಳ ಸಣ್ಣ ಕಲ್ಲುಗಳ ನಡುವೆ. ಎರಡು ಮೂರು ವರ್ಷ ಅಲ್ಲಿಯೇ ಬೆಳೆದು ಸಮುದ್ರಕ್ಕಿಳಿಯುತ್ತದೆ. ಗ್ರೀನ್‌ಲೆಂಡಿನವರೆಗೂ ಸಂಚರಿಸಿ, ಮೇದು ಕೊಬ್ಬಿ, ತಾನು ಹುಟ್ಟಿದ ನದಿಯನ್ನೇ ಅರಸಿಕೊಂಡು ಹಿಂದಿರುಗುತ್ತದೆ. ಮೊಟ್ಟೆಯಿಡುವ ಕಾಲ ಚಳಿಗಾಲದ ಆರಂಭವಾದರೂ ಕೆಲವು ಮೀನುಗಳು ಆ ವರ್ಷದ ವಸಂತದಲ್ಲಿಯೇ ನದಿಯನ್ನು ಹೊಗುತ್ತವೆ. ಅಲ್ಲಿಂದ ಮುಂದೆ ಅವುಗಳದು ಉಪವಾಸ. ಮೈಯಲ್ಲಿರುವ ಕೊಬ್ಬೇ ಅವುಗಳ ಬುತ್ತಿ.

ಉಣ್ಣದ ಮೀನಿಗೆ ಗಾಳ ಹಾಕುವುದು ಹೇಗೆ? ಹಸಿವಿಲ್ಲದಿದ್ದರೂ ಕಣ್ಣೆದುರಿಗೆ ಹಾದುಹೋಗುವ ವಸ್ತುವನ್ನು ಸಾಲ್ಮನ್ ಒಮ್ಮೊಮ್ಮೆ ಕಚ್ಚುವುದುಂಟು. ಬೇಟೆಯ ಹಳೆಯ ಅಭ್ಯಾಸವೇ ಇದಕ್ಕೆ ಕಾರಣವಿರಬಹುದು. ಗಾಳಗಾರನ ಜಾಣ್ಮೆಯೆಲ್ಲ ಇದನ್ನೇ ನಂಬಿದೆ.

ಅವನ ಕೈಯಲ್ಲಿ ಸುಮಾರು 15 ಅಡಿ ಉದ್ದದ, ಎರಡೂ ಕೈಗಳಿಂದ ಬೀಸುವ ಕೋಲಿರುತ್ತದೆ. ಅದರ ಬುಡದಲ್ಲಿ ದಾರ ಸುತ್ತುವ ರಾಟೆ. ದಾರದ ತುದಿಯಲ್ಲಿ ಬಣ್ಣದ ಕೂದಲುಗಳಿಂದ ಕಟ್ಟಿದ ಕೃತಕ ಎರೆ. ವಸಂತದಲ್ಲಿ ಹಿಮ ಕರಗಿದ ನೀರು ಬಹಳ ತಣ್ಣಗಿರುವುದರಿಂದ ಮೀನು ತಳವನ್ನು ಬಿಟ್ಟು ಮೇಲಕ್ಕೇಳಲು ಒಲ್ಲದು. ಎರೆಯನ್ನು ಬೆನ್ನಟ್ಟಿಯೂ ಬಾರದು. ಆದುದರಿಂದ ಮುಳುಗುವ ದಾರವನ್ನೂ ತೂಕದ ಎರೆಯನ್ನೂ ಬಳಸಬೇಕು. ಎರೆಯನ್ನು ಹೊಳೆಗೆ ಅಡ್ಡಲಾಗಿ, ತುಸು ಕೆಳಮುಖವಾಗಿ ಎಸೆದರೆ ಪ್ರವಾಹವೇ ಅದನ್ನು ಕಮಾನಿನಂತೆ ಈ ದಡದ ಕಡೆಗೆ ಮೆಲ್ಲನೆ ತರುತ್ತದೆ. ಬಳಿಕ ಒಂದೆರಡು ಹೆಜ್ಜೆ ಮುಂದೆ ಸರಿದು ಮತ್ತೆ ಎಸೆಯಬೇಕು. ಮೀನು ಕಚ್ಚಿದೊಡನೆ ಕೋಲನ್ನು ಜಗ್ಗಬಾರದು. ಅದು ತಿರುಗಿದಾಗ ಗಾಳವು ಬಾಯಿಯ ಅಂಚಿನಲ್ಲಿ ತಾನಾಗಿಯೇ ನಾಟುತ್ತದೆ.

ಉಬ್ಬರ ಮುಟ್ಟುವ ಕಡೆಗಳಲ್ಲಿ ಇನ್ನೊಂದು ಲೆಕ್ಕವುಂಟು. ಉಬ್ಬರವೇರುವಾಗ ಪ್ರವಾಹ ಕುಗ್ಗಿ, ಎರೆಯು ಜೀವವಿಲ್ಲದಂತೆ ಜೋತುಬೀಳುತ್ತದೆ. ಇಳಿತ ತೊಡಗಿದಾಗ ಹೊಳೆ ಮತ್ತೆ ಹರಿಯುತ್ತದೆ, ಎರೆಯೂ ಈಜತೊಡಗುತ್ತದೆ. ಉಬ್ಬರದೊಡನೆ ಬಂದ ಹೊಸ ಮೀನುಗಳು ಆಗ ಅಲ್ಲಿರುವ ಸಂಭವ ಹೆಚ್ಚು. ಏರುವ ನೀರು ನಿಂತವನ ಕಾಲನ್ನೂ ಕೀಳಬಲ್ಲದು. ಆದುದರಿಂದ ಉಬ್ಬರವಿಳಿತಗಳ ವೇಳಾಪಟ್ಟಿ ಗಾಳದಷ್ಟೇ ಅಗತ್ಯ.

1922ರ ಅಕ್ಟೋಬರಿನಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಮಹಿಳೆ ಪರ್ತ್ ನಗರದಿಂದ ಮೇಲಕ್ಕೆ ಇದೇ ನದಿಯಲ್ಲಿ 64 ಪೌಂಡು, ಅಂದರೆ ಸುಮಾರು 29 ಕಿಲೋಗ್ರಾಂ ತೂಗುವ ಸಾಲ್ಮನ್ನನ್ನು ಹಿಡಿದರು. ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕಿದ ಸಾಲ್ಮನ್‌ಗಳಲ್ಲಿ ಅದೇ ದಾಖಲೆ. ಅಂದು ಮೀನನ್ನು ಮನೆಗೊಯ್ಯುವುದೇ ಗಾಳಗಾರನ ಹೆಮ್ಮೆಯಾಗಿತ್ತು.

ಇಂದು ಕಾಲ ಬದಲಾಗಿದೆ. ಸಮುದ್ರಕ್ಕೆ ಹೋದ ಮೀನುಗಳಲ್ಲಿ ಹಿಂದಿರುಗುವವು ಕಡಿಮೆಯಾಗಿವೆ. 2023ರಲ್ಲಿ ಬ್ರಿಟನ್ನಿನ ಸಾಲ್ಮನ್ನನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಲಾಯಿತು. ಸ್ಕಾಟ್ಲೆಂಡಿನಲ್ಲಿ ಏಪ್ರಿಲ್ 1ಕ್ಕಿಂತ ಮೊದಲು ಹಿಡಿದ ಪ್ರತಿಯೊಂದು ಸಾಲ್ಮನ್ನನ್ನೂ ನದಿಗೆ ಮರಳಿ ಬಿಡಬೇಕೆಂಬ ಕಾನೂನು 2015ರಲ್ಲಿ ಜಾರಿಗೆ ಬಂದಿತು. ಹಾಗಾಗಿ ಬಿಡುವುದೂ ಒಂದು ವಿದ್ಯೆಯಾಗಿದೆ. ಹಿಮ್ಮುಳ್ಳಿಲ್ಲದ ಗಾಳವನ್ನು ಬಳಸಬೇಕು. ಮೀನನ್ನು ದಣಿಸದೆ ಬೇಗನೆ ಹತ್ತಿರಕ್ಕೆ ತರಬೇಕು. ನೀರಿನಿಂದ ಎತ್ತದೆ, ಒದ್ದೆಗೈಯಿಂದ ಗಾಳವನ್ನು ಬಿಡಿಸಬೇಕು. ಬಳಿಕ ಅದರ ತಲೆಯನ್ನು ಪ್ರವಾಹದ ಎದುರಿಗೆ ಹಿಡಿದು, ಕಿವಿರುಗಳು ಚೇತರಿಸಿಕೊಳ್ಳುವವರೆಗೆ ಕಾಯಬೇಕು.

ಮೀನಿನ ಸ್ವಭಾವವನ್ನು ಬಲ್ಲವನೇ ಅದನ್ನು ಹಿಡಿಯಬಲ್ಲ; ಅದನ್ನು ಉಳಿಸುವುದಕ್ಕೂ ಅದೇ ಅರಿವು ಬೇಕು. ಕೈಯಿಂದ ಜಾರಿಹೋದ ಆ ಒಂದು ಮೀನು ಚಳಿಗಾಲದಲ್ಲಿ ತನ್ನ ತೊರೆಯನ್ನು ಸೇರಿ ಸಾವಿರಾರು ಮೊಟ್ಟೆಗಳನ್ನಿಡಬಹುದು. ಮುಂದಿನ ವಸಂತಗಳ ಅತಿಥಿಗಳು ಬರಬೇಕಾದುದು ಅವುಗಳಿಂದಲೇ ಅಲ್ಲವೇ?