ಚಿಮಣಿಗೆ ಸಿಮೆಂಟು ಬಡಿಯುವ ಮುನ್ನ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆ ಮನೆಗಳಲ್ಲಿ ಬಚ್ಚಲ ಹಂಡೆ ಒಲೆಗೋ ಅಡಿಕೆ ಬೇಯಿಸುವ ಒಲೆಗೋ ಕಟ್ಟಿದ ಇಟ್ಟಿಗೆ ಚಿಮಣಿ ಇನ್ನೂ ಉಳಿದಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ ‘ಅಸ್ತ್ರ’ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ಒಲೆ ಬಂದಮೇಲೆ ಕೆಲವೆಡೆ ಎ.ಸಿ. (ಕಲ್ನಾರು ಸಿಮೆಂಟಿನ) ಪೈಪು ಸೇರಿತು. ಇಲ್ಲಿ ಹೇಳುವುದು ಮುಖ್ಯವಾಗಿ ಇಟ್ಟಿಗೆ ಚಿಮಣಿಯ ಬಗ್ಗೆ.

ಅಡಿಕೆ ಕೆಲಸ ಮುಗಿದ ಮೇಲೆ, ಶಿವರಾತ್ರಿಯಿಂದ ಮೇ ಮೊದಲ ವಾರದೊಳಗೆ ರಿಪೇರಿ ಮುಗಿಸಿಕೊಳ್ಳಿ. ಮಳೆ ಬಿದ್ದು ಪಾಚಿಗಟ್ಟಿದ ಹಂಚಿನ ಮೇಲೆ ಹತ್ತುವ ಸಾಹಸ ಬೇಡವೇ ಬೇಡ.

ಒಲೆ ಪೂರ್ತಿ ಆರಲು 2 ದಿನ ಬಿಡಿ. ಬೂದಿಯಡಿಯ ಕೆಂಡ ಮರುದಿನವೂ ಜೀವ ಹಿಡಿದಿರುತ್ತದೆ. ಒಲೆ ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಬಿದಿರ ಗಳದ ತುದಿಗೆ ತೆಂಗಿನ ನಾರಿನ ಕಂತೆ ಬಿಗಿದು ಮೇಲಿನಿಂದ ಕೆಳಕ್ಕೆ ಉಜ್ಜಿ. ಒಣ ಮಸಿ ತಾನಾಗಿ ಉದುರುತ್ತದೆ. ಉದುರದೆ ಡಾಂಬರಿನಂತೆ ಹೊಳೆಯುತ್ತ ಅಂಟಿಕೊಂಡಿದ್ದರೆ ಅದು ಹಸಿ ಕಟ್ಟಿಗೆಯ ಪ್ರಸಾದ. ಚಿಮಣಿಯೊಳಗೆ ಬೆಂಕಿ ಹತ್ತುವುದು ಇದಕ್ಕೇ. ಕೆತ್ತಿಯೇ ತೆಗೆಯಬೇಕು. ಸೋಗೆ ತುಂಬಿ ‘ಸುಟ್ಟು ತೆಗೆಯುವ’ ಜಾಣರಿದ್ದಾರೆ, ಅವರ ಮಾತು ಕೇಳಬೇಡಿ.

ಬಿರುಕು ಹುಡುಕಲು ಒಲೆಯಲ್ಲಿ ಒಂದು ಹಿಡಿ ಅರೆಹಸಿ ದರಕು (ತರಗೆಲೆ) ಹೊತ್ತಿಸಿ. ಹೊಗೆ ಏಳುತ್ತಿದ್ದಂತೆ ಚಿಮಣಿಯ ಮೇಲುಬಾಯಿಗೆ ಒದ್ದೆ ಗೋಣಿ ಹಾಕಿ. ಮೆತ್ತಿನಲ್ಲಿ (ಅಟ್ಟದಲ್ಲಿ) ಇನ್ನೊಬ್ಬರು ಟಾರ್ಚ್ ಹಿಡಿದು ನಿಂತಿರಲಿ. ಸಂದಿಯಿಂದ ಹೊಗೆಯ ಎಳೆ ಹೊರಟಲ್ಲೆಲ್ಲ ಸುಣ್ಣದ ಗುರುತು ಹಾಕಲಿ. ಕಿಟಕಿ ಬಾಗಿಲು ತೆರೆದೇ ಇರಲಿ, ಗೋಣಿಯನ್ನು ಒಂದೆರಡು ನಿಮಿಷದಲ್ಲಿ ತೆಗೆಯಿರಿ.

ಇನ್ನು ಎಲ್ಲರೂ ಎಡವುವ ಜಾಗ. ಮೇಸ್ತ್ರಿ ಬರುತ್ತಾನೆ, ಬಿರುಕು ನೋಡುತ್ತಾನೆ, ಸಿಮೆಂಟು ಕಲಸಿ ಬಳಿಯುತ್ತಾನೆ. ಮನೆಯವರಿಗೂ ಸಮಾಧಾನ. ಒಂದು ಮಳೆಗಾಲ ಕಳೆಯಲಿ, ಬೆರಳಿನಿಂದ ತಟ್ಟಿ ನೋಡಿ: ಪ್ಲಾಸ್ಟರು ಟೊಳ್ಳು ಸದ್ದು ಮಾಡುತ್ತದೆ. ಹಳೆ ಚಿಮಣಿ ಕಟ್ಟಿದ್ದು ಮಣ್ಣಿನಲ್ಲಿ, ಇಲ್ಲವೇ ಸುಣ್ಣದ ಗಾರೆಯಲ್ಲಿ. ಇಟ್ಟಿಗೆ ಬಿಸಿಗೆ ಹಿಗ್ಗಿ, ತಣಿದು ಕುಗ್ಗುವಾಗ ಮೆದು ಗಾರೆ ಅದಕ್ಕೆ ಹೊಂದಿಕೊಳ್ಳುತ್ತದೆ, ಸಿಮೆಂಟು ಜಗ್ಗುವುದಿಲ್ಲ. ಒಳಸೇರಿದ ಮಳೆನೀರನ್ನು ಆರಲೂ ಬಿಡುವುದಿಲ್ಲ. ನಿಲ್ಕುಂದದಂಥ ಜೋರು ಮಳೆಯ ಊರಿನಲ್ಲಂತೂ ಕೇಳುವುದೇ ಬೇಡ. ಕಡೆಗೆ ಸಿಮೆಂಟು ಗಟ್ಟಿಯಾಗಿಯೇ ಇರುತ್ತದೆ, ಇಟ್ಟಿಗೆಯ ಮುಖ ಪದರಪದರವಾಗಿ ಕಿತ್ತು ಬರುತ್ತದೆ. ಉರಿಯ ಹತ್ತಿರವಾದರೆ ಸಿಮೆಂಟೇ ಪುಡಿಯಾಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಹೊರಗಡೆ ನುಣ್ಣಗಿರುವುದರಿಂದ ಒಳಗೆ ಬೆಳೆಯುವ ಬಿರುಕು ಯಾರಿಗೂ ಕಾಣುವುದಿಲ್ಲ. ‘ಸ್ಟ್ರಾಂಗ್ ಇರಲಿ ಬಿಡಿ’ ಎಂದರೆ ತಲೆಯಾಡಿಸಬೇಡಿ.

ಸಿಮೆಂಟಿನ ಬದಲು, ಗುರುತು ಹಾಕಿದಲ್ಲಿ ಸಡಿಲ ಗಾರೆಯನ್ನು 1 ಇಂಚು ಆಳಕ್ಕೆ ಕೆದಕಿ, ಧೂಳು ತೆಗೆದು, ನೀರು ಚಿಮುಕಿಸಿ. ಉರಿಯ ಹತ್ತಿರದ ಭಾಗಕ್ಕೆ ಜರಡಿ ಹಿಡಿದ ಹುತ್ತದ ಮಣ್ಣಿಗೆ ಮರಳು ಬೆರೆಸಿ ತುಂಬಿ. ಮಾಡಿನಿಂದ ಮೇಲೆ, ಮಳೆ ಹೊಡೆಯುವ ಕಡೆ, 1 ಪಾಲು ಅರಳಿದ ಸುಣ್ಣ, 1 ಪಾಲು ಇಟ್ಟಿಗೆ ಪುಡಿ, 2 ಪಾಲು ಮರಳಿನ ಗಾರೆ. ಸುಣ್ಣ ಕಣ್ಣಿಗೆ ಸಿಡಿಯದಂತೆ ಎಚ್ಚರ. ಒದ್ದೆ ಗೋಣಿ ಹೊದೆಸಿ ಒಂದು ವಾರ ಬಿಡಿ. ಆಮೇಲೂ ಮೂರ್ನಾಲ್ಕು ದಿನ ಸಣ್ಣ ಉರಿಯಷ್ಟೇ. ಚಿಮಣಿ ವಾಲಿದ್ದರೆ ಈ ತೇಪೆಯಿಂದ ಪ್ರಯೋಜನವಿಲ್ಲ, ಬಿಚ್ಚಿ ಕಟ್ಟಿಸಿ.

ಮಾಡಿನ ಮರದ ಪಕಾಸಿ, ರೀಪು ಚಿಮಣಿಗೆ ತಾಗಿದ್ದರೆ ಬಡಗಿಯನ್ನು ಕರೆಸಿ 2 ಇಂಚಾದರೂ ಬಿಡಿಸಿ. ಮೆತ್ತಿನಲ್ಲಿ ಚಿಮಣಿಗೆ ಅಡಿಕೆ ಸಿಪ್ಪೆಯ ಚೀಲ ಒರಗಿಸಬೇಡಿ. ಚಿಮಣಿಯ ತುದಿ ಮಾಡಿನಿಂದ 3 ಅಡಿ ಮೇಲಿರಲಿ. ಕಿಡಿ ತಡೆಯಲು ಹಾಕುವ ಜಾಲರಿ ಬಿಚ್ಚಿ ತೊಳೆಯುವಂತಿರಲಿ. ಹೊಗೆ ಒಳಗೇ ತಿರುಗುತ್ತಿದ್ದರೆ ಮುಚ್ಚಿದ ಬಚ್ಚಲಲ್ಲಿ ಸ್ನಾನ ಬೇಡ, ವಿಷಾನಿಲಕ್ಕೆ ವಾಸನೆಯಿಲ್ಲ. ಎ.ಸಿ. ಪೈಪು ಒಡೆದಿದ್ದರೆ ಗರಗಸ ಹಾಕದೆ, ನೀರು ಚಿಮುಕಿಸಿ ಇಡಿಯಾಗಿಯೇ ಇಳಿಸಿ. ಅದರ ಧೂಳು ಶ್ವಾಸಕೋಶಕ್ಕೆ ಹೋಗಬಾರದು.