ಇಂಗ್ಲಿಷಿನ ಕೂಡುಕ್ರಿಯೆಗಳು: ದಿನಬಳಕೆಯ ವಾಕ್ಯಗಳಲ್ಲಿ

‘ಗಿವ್’ ಎಂದರೆ ಕೊಡು ಎಂಬುದು ಪ್ರೌಢಶಾಲೆಯ ವಿದ್ಯಾರ್ಥಿಗೆ ಗೊತ್ತು. ‘ಅಪ್’ ಎಂದರೆ ಮೇಲೆ ಎಂಬುದೂ ಗೊತ್ತು. ಆದರೆ ‘ಗಿವ್ ಅಪ್’ ಎಂಬುದು ಎದುರಾದಾಗ ಈ ಎರಡು ತಿಳಿವಳಿಕೆಗಳೂ ಅವನ ನೆರವಿಗೆ ಬರುವುದಿಲ್ಲ. ಕೊಡುವುದಕ್ಕೂ ಮೇಲಕ್ಕೂ ಸಂಬಂಧವೇ ಇಲ್ಲದ ‘ಕೈಬಿಡು’ ಎಂಬ ಅರ್ಥ ಅಲ್ಲಿ ಕುಳಿತಿರುತ್ತದೆ. ಹೀಗೆ ಒಂದು ಸರಳ ಕ್ರಿಯಾಪದವೂ ಅಪ್, ಆಫ್, ಔಟ್, ಡೌನ್ ಮೊದಲಾದ ಒಂದು ಕಿರುಪದವೂ ಸೇರಿ ಬೇರೊಂದು ಅರ್ಥವನ್ನು ಹೊಮ್ಮಿಸುವ ಪ್ರಯೋಗಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಫ್ರೇಸಲ್ ವರ್ಬ್’ ಎಂದು ಹೆಸರು. ಕನ್ನಡದಲ್ಲಿ ಕೂಡುಕ್ರಿಯೆ ಎಂದು ಕರೆದರೆ ತಪ್ಪಾಗಲಾರದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳು ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ರಿಜೆಕ್ಟ್’ ಎಂಬ ಘನವಾದ ಶಬ್ದಗಳನ್ನು ಕಂಠಪಾಠ ಮಾಡಿ ಒಪ್ಪಿಸಬಲ್ಲರು. ಅದೇ ಅರ್ಥದ ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಟರ್ನ್ ಡೌನ್’ ಎದುರಾದರೆ ತಡವರಿಸುತ್ತಾರೆ. ಇದರಿಂದಾಗುವ ನಷ್ಟ ಪರೀಕ್ಷೆಯ ಅಂಕಗಳದ್ದು ಮಾತ್ರವಲ್ಲ. ಕೆಲಸ ಅರಸಿ ಬೆಂಗಳೂರಿಗೆ ಹೋದ ತರುಣನಿಗೆ, ಸಂದರ್ಶನ ‘ಪುಟ್ ಆಫ್’ ಆಗಿದೆಯೆಂದು ದೂರವಾಣಿಯಲ್ಲಿ ತಿಳಿಸಿದರೆಂದು ಇಟ್ಟುಕೊಳ್ಳಬಹುದು. ‘ಪುಟ್ ಆಫ್’ ಎಂದರೆ ಮುಂದೂಡಿದ್ದು. ‘ಕಾಲ್ ಆಫ್’ ಎಂದರೆ ರದ್ದುಪಡಿಸಿದ್ದು. ಈ ಅಂತರ ತಿಳಿಯದೆ ಅವನು ಊರಿನ ರೈಲು ಹತ್ತಿದನಾದರೆ ಆ ಕೆಲಸ ಬೇರೊಬ್ಬರ ಪಾಲಾಗುತ್ತದೆ.

ಈ ಕಷ್ಟ ಹೊಸದೇನೂ ಅಲ್ಲ. 1755ರಲ್ಲಿ ತನ್ನ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್, ಪರದೇಶಿಯರನ್ನು ಅತ್ಯಂತ ಕಾಡುವುದು ಈ ಬಗೆಯ ಕೂಡಿಕೆಯೇ ಎಂದು ಅದರ ಪೀಠಿಕೆಯಲ್ಲಿ ಒಪ್ಪಿಕೊಂಡಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಮಾತ್ರ ಈಚಿನದು. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತನ್ನ ಗ್ರಂಥವೊಂದರಲ್ಲಿ ಅದನ್ನು ಬಳಕೆಗೆ ತಂದನು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದ ಮಾತು ಫ್ರೆಂಚ್ ಆಯಿತು, ವಿದ್ವತ್ತಿನ ಭಾಷೆ ಲ್ಯಾಟಿನ್ ಆಗಿಯೇ ಉಳಿಯಿತು. ಹೊಲಮನೆಗಳ ಜನರಾದರೋ ‘ಗಿವ್’, ‘ಹೋಲ್ಡ್’, ‘ಸೆಟ್’ ಮೊದಲಾದ ತಮ್ಮ ಗಿಡ್ಡ ಮಾತುಗಳನ್ನು ಬಿಟ್ಟುಕೊಡಲಿಲ್ಲ. ‘ಅಬಾಂಡನ್’ ಪಂಡಿತರ ಕಡೆಯ ಶಬ್ದ, ‘ಗಿವ್ ಅಪ್’ ಮನೆಮಂದಿಯ ಮಾತು. ಕನ್ನಡದ ‘ಪರಿತ್ಯಜಿಸು’ ಮತ್ತು ‘ಕೈಬಿಡು’ ಇದ್ದ ಹಾಗೆ. ಹನ್ನೆರಡನೆಯ ಶತಮಾನದ ಶರಣರು ಶಾಸ್ತ್ರದ ಭಾಷೆಯನ್ನು ಬದಿಗಿಟ್ಟು ಜನರಾಡುವ ಕನ್ನಡಕ್ಕೆ ಏಕೆ ಹತ್ತಿರವಾದರೆಂದು ಬಲ್ಲವರಿಗೆ, ಇಂಗ್ಲಿಷಿನ ಈ ಕಿರುಮಾತುಗಳನ್ನು ಕೀಳೆಂದು ಕಾಣಲು ಕಾರಣವಿಲ್ಲ.

ಕನ್ನಡದ ಮಕ್ಕಳಿಗೆ ಇದು ಅಪರಿಚಿತವಾದ ಮಾರ್ಗವೂ ಅಲ್ಲ. ‘ಈ ವರ್ಷ ಮಳೆ ಕೈಕೊಟ್ಟಿತು’ ಎಂದರೆ ಮಳೆ ನೆರವಾಯಿತೆಂದು ಯಾವ ರೈತನೂ ತಿಳಿಯುವುದಿಲ್ಲ. ಕನ್ನಡ ಕಲಿಯಹೊರಟ ಪರದೇಶಿಯೊಬ್ಬ ಹಾಗೆಯೇ ತಿಳಿದಾನು. ‘ಕೈಕೊಡು’, ‘ಕಣ್ಣುಹಾಕು’, ‘ತಲೆಹಾಕು’ ಮೊದಲಾದುವು ಕ್ರಿಯಾಸಮಾಸಗಳೆಂದು ವ್ಯಾಕರಣ ಕಲಿಸುತ್ತದೆ. ಬಿಡಿಪದಗಳ ಅರ್ಥದಿಂದ ಅವುಗಳ ಭಾವ ಹೊರಡುವುದಿಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದ ಬಿ.ಎಂ.ಶ್ರೀಯವರು 1911ರಲ್ಲಿ ಧಾರವಾಡದಲ್ಲಿ ಮಾಡಿದ ಹೆಸರಾಂತ ಭಾಷಣದ ವಿಷಯ ‘ಕನ್ನಡ ಮಾತು ತಲೆ ಎತ್ತುವ ಬಗೆ’. ಆ ಶೀರ್ಷಿಕೆಯಲ್ಲಿರುವ ‘ತಲೆ ಎತ್ತು’ ಎಂಬುದೂ ಇಂಥದೇ ಕೂಡಿಕೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ.ಶ್ರೀಯವರು ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಆಳವಾಗಿ ಬಲ್ಲವರಾಗಿದ್ದು, ಶಾಲಾ ಮಕ್ಕಳ ಕೈಗೆ ಕನ್ನಡ ಮಧ್ಯಮ ವ್ಯಾಕರಣವನ್ನಿತ್ತರು. ಎರಡು ಭಾಷೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡುವ ಪದ್ಧತಿ ಈ ಸೀಮೆಗೆ ಹೊರಗಿನಿಂದ ಬರಬೇಕಾದುದಲ್ಲ.

ಹಾಗೆ ಇಟ್ಟು ನೋಡುವುದಕ್ಕೆ ತೆಂಗಿನ ತೋಟವೇ ಸಾಕು. ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ; ಒಳಗಿನ ನೀರು ಇಂಗಿಹೋಗಬೇಕು. ಇಂಗ್ಲಿಷಿನಲ್ಲಿ ‘ದ ವಾಟರ್ ಡ್ರೈಸ್ ಅಪ್’. ಇಲ್ಲಿ ‘ಅಪ್’ ಎಂಬುದಕ್ಕೆ ಮೇಲೆ ಎಂದು ಅರ್ಥವಿಲ್ಲ. ಕ್ರಿಯೆ ಪೂರ್ತಿಯಾಯಿತೆಂಬುದನ್ನು ಅದು ಸೂಚಿಸುತ್ತದೆ. ‘ಇಂಗಿತು’ ಎಂಬುದಕ್ಕೂ ‘ಇಂಗಿಹೋಯಿತು’ ಎಂಬುದಕ್ಕೂ ಇರುವ ವ್ಯತ್ಯಾಸವೇ ಇದು. ‘ಈಟ್ ಅಪ್’ ಎಂದರೆ ತಿಂದುಬಿಡು, ‘ಯೂಸ್ ಅಪ್’ ಎಂದರೆ ಬಳಸಿ ಮುಗಿಸಿಬಿಡು. ಕನ್ನಡದ ‘ಹೋಗು’, ‘ಬಿಡು’ಗಳು ಮಾಡುವ ಕೆಲಸವನ್ನು ಈ ‘ಅಪ್’ ಮಾಡುತ್ತಿದೆಯೆಂದು ತೋರಿಸಿದರೆ ಸಾಕು, ಮಕ್ಕಳು ಮುಂದಿನ ಉದಾಹರಣೆಗಳನ್ನು ತಾವೇ ಹೇಳತೊಡಗುತ್ತಾರೆ. ಬೆಲೆ ಏರುವ ‘ಗೋ ಅಪ್’ನಲ್ಲಾದರೋ ‘ಅಪ್’ ತನ್ನ ಮೂಲಾರ್ಥದಲ್ಲೇ ಉಳಿದಿದೆ.

‘ಹೋಲ್ಡ್’ ಎಂಬ ಒಂದೇ ಕ್ರಿಯಾಪದದ ಸಂಸಾರವನ್ನು ಕೊಬ್ಬರಿಯ ಮಾರುಕಟ್ಟೆಯಲ್ಲೇ ಕಾಣಬಹುದು. ಬೆಲೆ ಕುಸಿದಾಗ ಬೆಳೆಗಾರ ಮಾಲನ್ನು ತಡೆಹಿಡಿಯುತ್ತಾನೆ: ‘ಹಿ ಹೋಲ್ಡ್ಸ್ ಬ್ಯಾಕ್ ಹಿಸ್ ಕೊಪ್ರಾ’. ಒಳ್ಳೆಯ ಧಾರಣೆ ಸಿಗುವ ತನಕ ಪಟ್ಟುಹಿಡಿಯುತ್ತಾನೆ: ‘ಹಿ ಹೋಲ್ಡ್ಸ್ ಔಟ್ ಫಾರ್ ಎ ಬೆಟರ್ ಪ್ರೈಸ್’. ತಡೆಹಿಡಿ, ಪಟ್ಟುಹಿಡಿ ಎಂದು ಕನ್ನಡವೂ ಎರಡು ಕಡೆಯೂ ‘ಹಿಡಿ’ ಎಂಬುದನ್ನೇ ಬಳಸಿರುವುದು ಗಮನಾರ್ಹ. ಆದರೆ ಮಾಲು ತುಂಬಿದ ಲಾರಿ ದಾರಿಯಲ್ಲಿ ಸಿಕ್ಕಿಬಿದ್ದರೆ ‘ಹೆಲ್ಡ್ ಅಪ್’ ಎನ್ನಬೇಕು, ದೂರವಾಣಿಯಲ್ಲಿ ಸ್ವಲ್ಪ ತಾಳಿರಿ ಎನ್ನಲು ‘ಹೋಲ್ಡ್ ಆನ್’ ಎನ್ನಬೇಕು. ಅಲ್ಲಿ ಕನ್ನಡದ ‘ಹಿಡಿ’ ಜೊತೆಗೂಡುವುದಿಲ್ಲ. ಹೋಲಿಕೆ ಎಲ್ಲಿಯವರೆಗೆ ನಡೆದೀತೆಂಬ ಎಚ್ಚರ ಅಧ್ಯಾಪಕರಿಗಿರಬೇಕು. ‘ರನ್ ಔಟ್’ ಎಂದೊಡನೆ ಹುಡುಗರಿಗೆ ಕ್ರಿಕೆಟ್ಟೇ ಕಣ್ಣಮುಂದೆ ಬರುತ್ತದೆ. ‘ದ ಡೀಸೆಲ್ ಹ್ಯಾಸ್ ರನ್ ಔಟ್’ ಎಂದರೆ ಡೀಸೆಲ್ ಮುಗಿದುಹೋಗಿದೆ ಎಂದಷ್ಟೇ ಅರ್ಥ.

ಪದಗಳ ಸ್ಥಾನದ ವಿಷಯದಲ್ಲೂ ಒಂದು ಮಾತು ಹೇಳಬೇಕು. ‘ಪುಟ್ ಆಫ್ ದ ಮೀಟಿಂಗ್’ ಎಂದರೂ ಸರಿ, ‘ಪುಟ್ ದ ಮೀಟಿಂಗ್ ಆಫ್’ ಎಂದರೂ ಸರಿ. ಆದರೆ ಸಭೆಯ ಬದಲು ‘ಇಟ್’ ಎಂಬ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ಎಂಬುದು ಅಶುದ್ಧ. ‘ಲುಕ್ ಆಫ್ಟರ್’ನಂಥವು ಹೀಗೆ ಬಿಡಿಸಿಕೊಳ್ಳುವುದಿಲ್ಲ, ‘ಲುಕ್ ಆಫ್ಟರ್ ಇಟ್’ ಎಂದೇ ಹೇಳಬೇಕು. ಇದನ್ನು ನಿಯಮವಾಗಿ ಬರೆಸುವುದಕ್ಕಿಂತ ಹತ್ತಾರು ವಾಕ್ಯಗಳನ್ನು ಬಾಯಲ್ಲಿ ಆಡಿಸುವುದು ಮೇಲು.

ವಿದ್ಯಾವಂತರೂ ಎಡವುವ ಸ್ಥಳಗಳಿವೆ. ‘ಕೋಪ್ ವಿತ್’ ಎನ್ನಬೇಕಾದೆಡೆ ‘ಕೋಪ್ ಅಪ್ ವಿತ್’ ಎಂದು ಬೇಡದ ‘ಅಪ್’ ಒಂದನ್ನು ಸೇರಿಸುವುದು ಭಾರತದಲ್ಲೆಲ್ಲ ರೂಢಿಯಾಗಿದೆ. ಇನ್ನೊಂದು, ಹಳೆಯ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ್ದು. ಶಾಲೆಯ ಸಮಾರಂಭದಲ್ಲಿ ಒಬ್ಬರು ‘ಐ ಪಾಸ್ಡ್ ಔಟ್ ಇನ್ 1984’ ಎಂದರೆ ಸುತ್ತಲಿನವರೆಲ್ಲ ತಲೆದೂಗುತ್ತಾರೆ. ಅದೇ ಮಾತನ್ನು ಅವರು ಅಮೆರಿಕದಲ್ಲಿರುವ ಮಗನ ಮನೆಗೆ ಹೋದಾಗ ನೆರೆಯವರೊಂದಿಗೆ ಆಡಿದರೆ, ಆ ವರ್ಷ ಇವರು ಮೂರ್ಛೆ ಹೋಗಿದ್ದರೆಂದು ತಿಳಿದು, ಈಗ ಆರೋಗ್ಯ ಹೇಗಿದೆಯೆಂದು ಅವರು ಕೇಳಿಯಾರು. ಅಲ್ಲಿ ‘ಐ ಫಿನಿಶ್ಡ್ ಸ್ಕೂಲ್’ ಎನ್ನುವುದು ಕ್ಷೇಮ.